ಕಲಬುರಗಿ–ಬೀದರ್–ಯಾದಗಿರಿ ಪ್ಯಾಕೆಟ್ ರೇಡಿಯೊ ಜಾಲಕ್ಕೆ ಐಪಿ ವಿಳಾಸಗಳ ಹಂಚಿಕೆ: ಜಿಲ್ಲಾವಾರು ಮಾಡಬೇಕೆ, ಕೇಳಿಸುವ ವ್ಯಾಪ್ತಿಯಂತೆ ಮಾಡಬೇಕೆ?

ಬಹಮನಿ_ರೇಡಿಯೊ (ಕಲಬುರಗಿ) ಕೇಳಿದ ಪ್ರಶ್ನೆ

ಎಲ್ಲ ಹ್ಯಾಮ್ (ಹವ್ಯಾಸಿ ರೇಡಿಯೊ) ಬಂಧುಗಳಿಗೆ ನಮಸ್ಕಾರ.

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಪರವಾನಗಿ ಪಡೆದ ಹವ್ಯಾಸಿಗಳು ಸೇರಿಕೊಂಡು 2 ಮೀಟರ್ ಬ್ಯಾಂಡಿನಲ್ಲಿ 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದ ಪ್ಯಾಕೆಟ್ ಜಾಲವೊಂದನ್ನು, ಅಂದರೆ ಕಂಪ್ಯೂಟರಿನ ಸಂದೇಶಗಳನ್ನು ತುಣುಕುಗಳಾಗಿ ರೇಡಿಯೊದಲ್ಲಿ ಕಳುಹಿಸುವ ಜಾಲವನ್ನು, ಕಟ್ಟುತ್ತಿದ್ದೇವೆ. ಹೆಚ್ಚಿನವರ ಬಳಿ ಒಂದು ಹಳೆಯ ವಿಎಚ್ಎಫ್ ಸೆಟ್, ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಅದರಲ್ಲಿ ಮೋಡೆಮ್ ಕೆಲಸ ಮಾಡುವ ಡೈರ್‌ವುಲ್ಫ್ ತಂತ್ರಾಂಶ ಇವೆ. ಕೆಲವರು ಮಾತ್ರ ರೇಡಿಯೊ ಮೋಡೆಮ್ ಆದ ಹಳೆಯ ಟಿಎನ್‌ಸಿ ಪೆಟ್ಟಿಗೆಯನ್ನು ಕಿಸ್ ಮೋಡ್‌ನಲ್ಲಿಟ್ಟು (ಪ್ಯಾಕೆಟ್ಟುಗಳ ನಿರ್ವಹಣೆಯನ್ನು ಕಂಪ್ಯೂಟರಿಗೆ ಬಿಟ್ಟು) ಬಳಸುತ್ತಿದ್ದಾರೆ. ಎಎಕ್ಸ್.25 ಎಂಬ ಹವ್ಯಾಸಿ ಪ್ಯಾಕೆಟ್ ಪದ್ಧತಿಯ ಮೂಲಕ ಒಬ್ಬರಿಗೊಬ್ಬರು ಸಂದೇಶ ಕಳುಹಿಸುವುದು ಈಗಾಗಲೇ ಸರಾಗವಾಗಿ ನಡೆದಿದೆ. ಇನ್ನು ಅದರ ಮೇಲೆ ಐಪಿ (ಇಂಟರ್ನೆಟ್ಟಿನ ಪ್ರೊಟೊಕಾಲ್) ಓಡಿಸಿ, ಜಾಲದೊಳಗಿನ ಅಂಚೆ, ಒಂದು ಸೂಚನಾ ಫಲಕ, ಸಣ್ಣ ಕಡತಗಳ ರವಾನೆ ಇವುಗಳನ್ನು ಆರಂಭಿಸಬೇಕೆಂಬುದು ನಮ್ಮ ಅಪೇಕ್ಷೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಬಂದ ಪ್ರವಾಹವನ್ನು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕಿನ ಜನರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ನದಿದಂಡೆಯ ಊರುಗಳಿಂದ ಜಿಲ್ಲಾ ಕೇಂದ್ರಕ್ಕೆ ಬರಹರೂಪದ ಸಂದೇಶ ತಪ್ಪಿಲ್ಲದೆ ತಲುಪುವ ದಾರಿಯೊಂದು ಸಿದ್ಧವಿರಬೇಕು ಎಂಬುದೂ ಈ ಕೆಲಸದ ಹಿಂದಿನ ಮುಖ್ಯ ಕಾರಣ.

ತೊಡಕಿರುವುದು ವಿಳಾಸಗಳಲ್ಲಿ. ಈಗ ಒಬ್ಬೊಬ್ಬರ ಕೇಂದ್ರದಲ್ಲಿ ಒಂದೊಂದು ಬಗೆಯ ಸಂಖ್ಯೆ ಇದೆ. ಕೆಲವರು ಮನೆಯ ರೂಟರಿನ 192.168.1 ಸರಣಿಯನ್ನೇ ರೇಡಿಯೊ ಕಡೆಗೂ ಹಚ್ಚಿದ್ದಾರೆ, ಕೆಲವರು 10ರಿಂದ ಆರಂಭವಾಗುವ ಸಂಖ್ಯೆ ಆರಿಸಿಕೊಂಡಿದ್ದಾರೆ, ಮತ್ತೆ ಕೆಲವರು ಯಾವುದೋ ಹಳೆಯ ಪಾಠದಲ್ಲಿ ಉದಾಹರಣೆಗೆಂದು ಕೊಟ್ಟ 44ರ ವಿಳಾಸವನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. ಎರಡು ಕೇಂದ್ರಗಳಿಗೆ ಒಂದೇ ವಿಳಾಸ ಬಂದಿರುವ ಸಂದರ್ಭವೂ ಉಂಟು.

ಮೂರೂ ಜಿಲ್ಲೆಗಳಿಗೆ ಸೇರಿ ಒಂದು /24 ಬ್ಲಾಕ್ (256 ವಿಳಾಸಗಳ ಗುಂಪು; ಓರೆಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ಗುಂಪು ಚಿಕ್ಕದು) ಪಡೆದು, ಅದನ್ನು ಜಿಲ್ಲೆಗೊಂದರಂತೆ ಸಮನಾಗಿ ಹಂಚಿ, ಜಿಲ್ಲೆಗೊಬ್ಬರು ಅದರ ಲೆಕ್ಕ ಇಡಬೇಕು ಎಂಬ ಸಲಹೆ ನಮ್ಮಲ್ಲಿ ಬಂದಿದೆ. ಅಷ್ಟೆಲ್ಲ ಏಕೆ, 10ರ ಖಾಸಗಿ ವಿಳಾಸಗಳೇ ಸಾಕಲ್ಲ ಎನ್ನುವವರೂ ಇದ್ದಾರೆ. ಹವ್ಯಾಸಿ ರೇಡಿಯೊಗೆಂದೇ ಮೀಸಲಾದ 44ರ ಸರಣಿಯನ್ನು ಪಡೆಯುವುದು ಮೇಲೆಂದು ನನಗೆ ತೋರುತ್ತದೆ, ಆದರೆ ಆ ಸರಣಿ ಮಾರಾಟವಾಗಿ ಹೋಯಿತೆಂದು ಒಬ್ಬರು ಹೇಳಿದರು. ಜಿಲ್ಲಾವಾರು ಹಂಚಿಕೆ ಸರಿಯೆ? ಹಂಚಿದ ಮೇಲೆ ಲೆಕ್ಕವನ್ನು ಯಾರು, ಯಾವ ರೂಪದಲ್ಲಿ ಇಡಬೇಕು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

73 (ಹ್ಯಾಮ್ ಶುಭಾಶಯ).

ತೊಗರಿ_ನಾಡು (ಕಲಬುರಗಿ) ಅವರ ಉತ್ತರ

ಸರ್, ನಮಸ್ಕಾರ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದ ಮಾರಾಟದ ಸಂಗತಿಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಬಗ್ಗೆ ಅರ್ಧ ಮಾಹಿತಿ ಬಹಳ ಓಡಾಡುತ್ತಿದೆ.

1981ರಲ್ಲಿ ಅಮೆರಿಕದ ಹವ್ಯಾಸಿ ಹ್ಯಾಂಕ್ ಮ್ಯಾಗ್ನಸ್ಕಿಯವರು ಕೇಳಿಕೊಂಡದ್ದರ ಮೇಲೆ 44.0.0.0/8 ಎಂಬ ಇಡೀ ಸರಣಿ ಜಗತ್ತಿನ ಹವ್ಯಾಸಿ ರೇಡಿಯೊಗೆ ದೊರೆಯಿತು. ಅಂದಿನ ಇಂಟರ್ನೆಟ್ ಬಹಳ ಚಿಕ್ಕದಾಗಿದ್ದರಿಂದ 1 ಕೋಟಿ 67 ಲಕ್ಷಕ್ಕೂ ಮಿಕ್ಕಿದ ವಿಳಾಸಗಳನ್ನು ಹಾಗೆ ಕೊಡುವುದು ಸಾಧ್ಯವಾಯಿತು. ಮುಂದೆ ಬಹುಕಾಲ ಬ್ರಯಾನ್ ಕ್ಯಾಂಟರ್ ಅವರು ಅದರ ಉಸ್ತುವಾರಿ ನೋಡಿಕೊಂಡರು, ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಗೇಟ್‌ವೇ ಅದಕ್ಕೆ ಇಂಟರ್ನೆಟ್ಟಿನ ಬಾಗಿಲಾಯಿತು. ಈಗ ಎಆರ್‌ಡಿಸಿ ಎಂಬ ಲಾಭರಹಿತ ಸಂಸ್ಥೆ ಅದನ್ನು ನಿರ್ವಹಿಸುತ್ತಿದೆ. 2019ರಲ್ಲಿ ಆ ಸಂಸ್ಥೆ ಅಮೆಜಾನ್‌ಗೆ ಮಾರಿದ್ದು 44.192.0.0/10 ಎಂಬ ಭಾಗವನ್ನು ಮಾತ್ರ. ಅಂದರೆ ಕಾಲು ಪಾಲು, 41,94,304 ವಿಳಾಸಗಳು. ಉಳಿದ 44.0.0.0/9 ಮತ್ತು 44.128.0.0/10 ಇಂದಿಗೂ ಹವ್ಯಾಸಿಗಳವೇ ಆಗಿವೆ. ಆದ್ದರಿಂದ ನಿಮ್ಮ ಅಪೇಕ್ಷೆಗೆ ಅಡ್ಡಿಯಿಲ್ಲ.

10ರ ಖಾಸಗಿ ಸರಣಿ ಸಾಕಲ್ಲವೇ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಜಾಲ ನಮ್ಮಷ್ಟಕ್ಕೇ ಇರುವವರೆಗೂ ಅದು ಸಾಕು. ಆದರೆ ಬೀದರ್ ಕಡೆಯವರು ನಾಳೆ ಹೈದರಾಬಾದ್ ಕಡೆಯ ಗುಂಪಿನೊಂದಿಗೆ, ಆಳಂದ ಕಡೆಯವರು ಸೋಲಾಪುರದವರೊಂದಿಗೆ ಕೈಜೋಡಿಸಿದಾಗ ಅಲ್ಲಿಯವರೂ 10.1.1.1 ಎಂದೇ ಆರಂಭಿಸಿರುವ ಸಾಧ್ಯತೆ ಹೆಚ್ಚು. ಖಾಸಗಿ ಸರಣಿಯನ್ನು ಯಾರು ಬೇಕಾದರೂ ಯಾರನ್ನೂ ಕೇಳದೆ ಬಳಸಬಹುದೆಂಬುದೇ ಅದರ ಅನುಕೂಲ, ಜಾಲಗಳು ಕೂಡುವಾಗ ಅದೇ ಅದರ ಕೇಡು. ಆಗ ಗುಡ್ಡದ ಮೇಲೆ, ಯಾರದೋ ಮಾಳಿಗೆಯ ಮೇಲೆ ಇಟ್ಟ ಒಂದೊಂದು ಪೆಟ್ಟಿಗೆಯನ್ನೂ ಕೆಳಗಿಳಿಸಿ ಹೊಸ ಸಂಖ್ಯೆ ಕೊಡಬೇಕಾಗುತ್ತದೆ. ಜಗತ್ತಿನಲ್ಲಿ ಇನ್ನೊಬ್ಬರಿಗಿಲ್ಲದ ಸಂಖ್ಯೆ ಉಚಿತವಾಗಿ ದೊರೆಯುತ್ತಿರುವಾಗ ಆ ಶ್ರಮವನ್ನು ಮುಂದಕ್ಕೆ ಇಟ್ಟುಕೊಳ್ಳಬಾರದು ಎಂದು ನನ್ನ ಗಟ್ಟಿಯಾದ ಅಭಿಪ್ರಾಯ.

ಪಡೆಯುವ ಕ್ರಮ ಸರಳವಾಗಿದೆ. ಎಆರ್‌ಡಿಸಿಯ ಪೋರ್ಟಲ್‌ನಲ್ಲಿ ಖಾತೆ ತೆರೆದು, ಕರೆಸಂಕೇತಕ್ಕೆ (ಪರವಾನಗಿಯೊಂದಿಗೆ ಸಿಕ್ಕ ರೇಡಿಯೊ ಹೆಸರಿಗೆ) ಪರವಾನಗಿಯ ಪುರಾವೆ ಒದಗಿಸಿ, ಯಾವ ಊರುಗಳಲ್ಲಿ ಯಾವ ಉದ್ದೇಶಕ್ಕೆ ಎಷ್ಟು ದೊಡ್ಡ ಬ್ಲಾಕ್ ಬೇಕೆಂದು ಬರೆದು ಅರ್ಜಿ ಹಾಕಬೇಕು. ಅದನ್ನು ಪರಿಶೀಲಿಸುವ ಸಂಯೋಜಕರು ಸ್ವಯಂಸೇವಕರು, ಅವರೂ ನಮ್ಮಂತೆ ಹವ್ಯಾಸಿಗಳು. ಒಬ್ಬೊಬ್ಬರೂ ಬಿಡಿಬಿಡಿಯಾಗಿ ಒಂದೊಂದು ವಿಳಾಸ ಕೇಳುವ ಬದಲು ಜಾಲದ ಹೆಸರಿನಲ್ಲಿ ಒಂದೇ ಅರ್ಜಿ ಹೋಗುವುದು ಅವರಿಗೂ ಹಗುರ, ನಮಗೂ ಹಿತ. ಒಟ್ಟಾಗಿರುವ ಬ್ಲಾಕಿನ ಬೆಲೆ ರೂಟಿಂಗ್ ಮಾಡುವಾಗ, ಅಂದರೆ ಪ್ಯಾಕೆಟ್ಟಿಗೆ ದಾರಿ ತೋರಿಸುವಾಗ, ತಿಳಿಯುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಜಿಲ್ಲಾವಾರು ಹಂಚಿಕೆ ಬೇಡ. ವಿಳಾಸವನ್ನು ಯಾರಿಗೆ ಯಾರು ಕೇಳಿಸುತ್ತಾರೆ ಎಂಬುದರ ಮೇಲೆ ಹಂಚಬೇಕು.

ಇದಕ್ಕೆ ಕಾರಣ ಎಆರ್‌ಪಿ (ಐಪಿ ವಿಳಾಸ ಯಾರದೆಂದು ಹುಡುಕುವ ವಿಧಾನ) ಕೆಲಸ ಮಾಡುವ ಬಗೆ. ಒಂದೇ ಸಬ್‌ನೆಟ್ಟಿನೊಳಗಿನ (ವಿಳಾಸಗಳ ಒಂದೇ ಉಪಗುಂಪಿನೊಳಗಿನ) ಇನ್ನೊಂದು ವಿಳಾಸಕ್ಕೆ ಪ್ಯಾಕೆಟ್ ಕಳುಹಿಸಬೇಕಾದಾಗ ನಮ್ಮ ಕಂಪ್ಯೂಟರು "ಈ ವಿಳಾಸ ಯಾರ ಕರೆಸಂಕೇತದ್ದು?" ಎಂದು "ಎಲ್ಲರಿಗೂ" ಎಂಬರ್ಥದ ಕ್ಯೂಎಸ್‌ಟಿ ಹೆಸರಿನಲ್ಲಿ ಕೂಗಿ ಕೇಳುತ್ತದೆ. ಆ ಕೂಗು ನೇರವಾಗಿ ಕಿವಿಗೆ ಬಿದ್ದವರು ಮಾತ್ರ ಉತ್ತರಿಸಬಲ್ಲರು. ಕೇಬಲ್ ಎಳೆದ ಜಾಲದಲ್ಲಿ ಎಲ್ಲರಿಗೂ ಎಲ್ಲರ ಕೂಗು ಕೇಳಿಸುತ್ತದೆ, ರೇಡಿಯೊದಲ್ಲಿ ಹಾಗಿಲ್ಲ. ಒಂದೇ ಸಬ್‌ನೆಟ್ಟಿನಲ್ಲಿ ಪರಸ್ಪರ ಕೇಳಿಸದ ಎರಡು ಕೇಂದ್ರಗಳನ್ನು ಇಟ್ಟರೆ ಅವು ಗೇಟ್‌ವೇಯನ್ನು ಹುಡುಕುವುದೇ ಇಲ್ಲ, ಪಕ್ಕದಲ್ಲೇ ಇದ್ದಾರೆಂದು ನಂಬಿ ಕೂಗುತ್ತಲೇ ಇರುತ್ತವೆ ಮತ್ತು ಇದ್ದ ಒಂದೇ ಚಾನೆಲ್ಲಿನ ಸಮಯವನ್ನು ತಿನ್ನುತ್ತವೆ.

ನಮ್ಮ ನೆಲದ ಮೇಲೆ ಇದನ್ನು ಇಟ್ಟು ನೋಡಿ. ಚಿಂಚೋಳಿ ಕಲಬುರಗಿ ಜಿಲ್ಲೆಯ ತಾಲ್ಲೂಕು. ಆದರೆ ಗಾಳಿಯ ದಾರಿಯಲ್ಲಿ ಅಲ್ಲಿಂದ ಕಲಬುರಗಿ ನಗರ ಸುಮಾರು 65 ಕಿಲೋಮೀಟರ್, ಬೀದರ್ ಸುಮಾರು 50 ಕಿಲೋಮೀಟರ್. ಬೀದರ್ ಇರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ, ಕಲಬುರಗಿ ಇರುವುದು 450 ಮೀಟರಿನ ಆಸುಪಾಸಿನಲ್ಲಿ. ಚಿಂಚೋಳಿಯ ಕೇಂದ್ರಕ್ಕೆ ಬೀದರಿನ ನೋಡ್ (ಸಂದೇಶಗಳನ್ನು ಪಡೆದು ಮುಂದೆ ಸಾಗಿಸುವ ಕೇಂದ್ರ) ಚೆನ್ನಾಗಿ ಕೇಳಿಸಿ ಕಲಬುರಗಿ ಕೇಳಿಸದಿದ್ದರೆ, ಜಿಲ್ಲೆಯ ಗಡಿಯನ್ನು ಮುಂದಿಟ್ಟು ಅದಕ್ಕೆ ಕಲಬುರಗಿಯ ಸಂಖ್ಯೆ ಕೊಡುವುದರಲ್ಲಿ ಅರ್ಥವಿಲ್ಲ. ವಾಡಿಯದು ಇನ್ನೊಂದು ಬಗೆ. ಕಲಬುರಗಿಗೂ ಯಾದಗಿರಿಗೂ ಅಲ್ಲಿಂದ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 35 ಕಿಲೋಮೀಟರ್. ಅಲ್ಲಿನ ನೋಡ್ ಎರಡೂ ಕಡೆಗೆ ಕೊಂಡಿಯಾಗಬಲ್ಲದು, ಆದ್ದರಿಂದ ಅದಕ್ಕೆ ತನ್ನದೇ ಸಣ್ಣ ಬ್ಲಾಕ್ ಇರಬೇಕು.

ಕಲಬುರಗಿಯಿಂದ ಬೀದರಿಗೆ ನೇರ ಗೆರೆಯಲ್ಲಿ ಸುಮಾರು 97 ಕಿಲೋಮೀಟರ್. ಎರಡೂ ತುದಿಗೆ 30 ಮೀಟರ್ ಎತ್ತರದ ಮಾಸ್ಟ್ (ಆ್ಯಂಟೆನಾ ಕಂಬ) ಇಟ್ಟರೂ ಸಮತಟ್ಟು ನೆಲದ ಮೇಲೆ ರೇಡಿಯೊ ದಿಗಂತ ಒಟ್ಟು 45 ಕಿಲೋಮೀಟರ್ ಮಾತ್ರ ಆಗುತ್ತದೆ. ಹಾಗಾಗಿ ಕಮಲಾಪುರ ಮತ್ತು ಹುಮನಾಬಾದ್‌ಗಳಲ್ಲಿ ಮಧ್ಯದ ನೋಡ್‌ಗಳು ಬೇಕೇ ಬೇಕು. ಈ ನೋಡ್‌ಗಳ ನಡುವಿನ ಮಾತುಕತೆಯನ್ನು ಬಳಕೆದಾರರ 2 ಮೀಟರ್ ಚಾನೆಲ್ಲಿನಲ್ಲಿ ನಡೆಸದೆ, 434ರಿಂದ 438 ಮೆಗಾಹರ್ಟ್ಸ್‌ನ 70 ಸೆಂಟಿಮೀಟರ್ ಬ್ಯಾಂಡಿನಲ್ಲಿ 9600 ಬಾಡ್ ವೇಗದಲ್ಲಿ ನಡೆಸಿದರೆ ಒಳ್ಳೆಯದು. ಆ ಕೊಂಡಿಗಳಿಗೂ ಪ್ರತ್ಯೇಕ ವಿಳಾಸಗಳನ್ನು ಈಗಲೇ ತೆಗೆದಿಡಿ.

ಒಟ್ಟಾದ ಬ್ಲಾಕಿನ ಬೆಲೆ ಎಂದೆನಲ್ಲ, ಅದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ನೋಡ್‌ಗಳು ಆರ್‌ಐಪಿ ಎಂಬ ರೂಟಿಂಗ್ ಪ್ರೊಟೊಕಾಲ್ ಮೂಲಕ ತಮ್ಮ ದಾರಿಗಳ ಪಟ್ಟಿಯನ್ನು ಪ್ರಕಟಿಸುತ್ತವೆ ಎಂದುಕೊಳ್ಳಿ. ಒಂದು ಪ್ಯಾಕೆಟ್ಟಿನಲ್ಲಿ 25 ದಾರಿಗಳನ್ನು ತುಂಬಿಸಿದರೆ ಅದು 504 ಬೈಟ್; ಯುಡಿಪಿ ಮತ್ತು ಐಪಿ ತಲೆಬರಹ ಸೇರಿದರೆ 532 ಬೈಟ್. 1200 ಬಾಡ್‌ನಲ್ಲಿ ಅದನ್ನು ಹೇಳಿ ಮುಗಿಸಲು ಮೂರೂವರೆ ಸೆಕೆಂಡಿಗೂ ಹೆಚ್ಚು ಕಾಲ ಬೇಕು, ಎಎಕ್ಸ್.25ರ ಚೌಕಟ್ಟಿಗೆ ಸಾಮಾನ್ಯವಾಗಿರುವ 256 ಬೈಟಿನ ಮಿತಿಯಿಂದ ಅದು ತುಂಡಾಗುವುದು ಬೇರೆ. ಆರ್‌ಐಪಿ ತನ್ನ ರೂಢಿಯಂತೆ 30 ಸೆಕೆಂಡಿಗೊಮ್ಮೆ ಇದನ್ನು ಪುನಃ ಹೇಳುತ್ತದೆ. ನಾಲ್ಕಾರು ನೋಡ್‌ಗಳು ಹೀಗೆ ಮಾಡಿದರೆ ಜನರ ಸಂದೇಶಕ್ಕೆ ಉಳಿಯುವುದೇನು? ಅದೇ ಬೀದರ್ ಕಡೆಯ ಎಲ್ಲ ಕೇಂದ್ರಗಳೂ ಒಂದೇ /26ರೊಳಗೆ ಇದ್ದರೆ ಕಲಬುರಗಿಯ ನೋಡ್ ನೆನಪಿಡಬೇಕಾದದ್ದು ಒಂದೇ ಸಾಲು: "ಈ ಅರವತ್ನಾಲ್ಕೂ ಕಮಲಾಪುರದ ದಾರಿಯಲ್ಲಿವೆ." ನಮ್ಮಷ್ಟು ಚಿಕ್ಕ ಜಾಲಕ್ಕೆ ಆರ್‌ಐಪಿಯ ಅಗತ್ಯವೂ ಬೀಳದು, ಇಂಥ ನಾಲ್ಕೈದು ಸಾಲುಗಳನ್ನು ಕೈಯಿಂದಲೇ ಬರೆದಿಡಬಹುದು.

ಮಾಂಜ್ರಾ_ತರಂಗ (ಬೀದರ್) ಅವರ ಉತ್ತರ

ತೊಗರಿ ನಾಡು ಅವರು ಹೇಳಿದ ತತ್ತ್ವವನ್ನು ಒಪ್ಪುತ್ತೇನೆ. ಬೀದರ್ ಕಡೆಯಿಂದ ಎರಡು ವಿಷಯಗಳನ್ನು ಸೇರಿಸಬೇಕೆನಿಸುತ್ತದೆ, ಅವುಗಳಲ್ಲಿ ಒಂದು ಸ್ವಲ್ಪ ಆಕ್ಷೇಪವೇ ಆಗಿದೆ.

ಕೇಳಿಸುವುದು ಎಂಬುದು ಸ್ಥಿರವಾದ ಸಂಗತಿಯಲ್ಲ. ನಮ್ಮ ಕೋಟೆಯ ಕಡೆಯ ಎತ್ತರದಿಂದ ಕೆಲವು ರಾತ್ರಿಗಳಲ್ಲಿ, ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗೇ ಉಳಿದಾಗ, ಎಂದೂ ಕೇಳದ ದೂರದ ಕೇಂದ್ರಗಳು ಪಕ್ಕದ ಮನೆಯವರಂತೆ ಕೇಳಿಸುತ್ತವೆ. ಬಿಸಿಲೇರಿದ ಮೇಲೆ ಅವು ಇರುವುದಿಲ್ಲ. ಅಂಥ ರಾತ್ರಿಯೊಂದರ ಅನುಭವವನ್ನು ನಂಬಿ ಯಾರಾದರೂ ತಮಗೆ ಬೀದರಿನ ನೋಡ್ ಸಿಗುತ್ತದೆ, ಬೀದರಿನ ವಿಳಾಸ ಕೊಡಿ ಎಂದು ಕೇಳಿದರೆ ಕೊಡಬಾರದು. ಕೇಳಿಸುವಿಕೆಯ ಪಟ್ಟಿಯನ್ನು ಮಧ್ಯಾಹ್ನದ ಹೊತ್ತಿನಲ್ಲಿ, ಬೇರೆ ಬೇರೆ ದಿನಗಳಲ್ಲಿ, ಆಯಾ ಕೇಂದ್ರದ ಖಾಯಂ ಆ್ಯಂಟೆನಾದಿಂದಲೇ ತಯಾರಿಸಬೇಕು. ಪ್ರತಿ ನೋಡ್ ನಿಗದಿತ ವೇಳೆಗೆ ತನ್ನ ಬೀಕನ್ (ತನ್ನ ಗುರುತು ಹೇಳುವ ಸಣ್ಣ ಸಂದೇಶ) ಬಿಟ್ಟರೆ, ಉಳಿದವರು ಯಾವ ಬೀಕನ್ ಎಷ್ಟು ಸಲ ತಪ್ಪಿಲ್ಲದೆ ಬಂತೆಂದು ಬರೆದಿಟ್ಟರೆ ಸಾಕು; ಡೈರ್‌ವುಲ್ಫ್ ತಂತ್ರಾಂಶದಲ್ಲಿ ದಾಖಲೆ ಇಡುವ ಆಯ್ಕೆಯನ್ನು ಹಾಕಿಕೊಂಡರೆ ಅದೇ ಇದನ್ನು ಬರೆದಿಡುತ್ತದೆ. ಬರಿಯ ಕೇಳುವಿಕೆ ಕೂಡ ಸಾಲದು, ನಾವು ಹೇಳಿದ್ದು ಅವರಿಗೆ ಕೇಳಿಸುತ್ತದೆಯೇ ಎಂಬುದನ್ನೂ ನೋಡಬೇಕು. ಎತ್ತರದ ನೋಡ್‌ನ ಧ್ವನಿ ಕೆಳಗಿನವರಿಗೆಲ್ಲ ತಲುಪುತ್ತದೆ, ಕೈಯಲ್ಲಿ ಹಿಡಿದ ಸೆಟ್ಟಿನ ಧ್ವನಿ ಮೇಲಕ್ಕೆ ತಲುಪುವುದು ಅಪರೂಪ.

ಒಮ್ಮೆ ಕೊಟ್ಟ ವಿಳಾಸವನ್ನು ಕೇಳಿಸುವಿಕೆ ಬದಲಾಯಿತೆಂದು ಪದೇ ಪದೇ ಬದಲಿಸಬಾರದು ಎಂಬುದು ನನ್ನ ಆಕ್ಷೇಪದ ತಿರುಳು. ಹುಮನಾಬಾದಿನ ಒಬ್ಬರು ಹೊಸ ಮಾಸ್ಟ್ ಹಾಕಿಕೊಂಡು ಕಮಲಾಪುರದ ಬದಲು ಬೀದರಿನ ನೋಡ್ ಹಿಡಿಯತೊಡಗಿದರೆ ಅವರ ವಿಳಾಸ ಇದ್ದದ್ದೇ ಇರಲಿ. ಆ ಒಂದೇ ವಿಳಾಸಕ್ಕೆ ಒಂದು /32 ದಾರಿಯನ್ನು ಸೇರಿಸಿದರೆ ಸಾಕು. ರೂಟಿಂಗ್ ಪಟ್ಟಿಯಲ್ಲಿ ಹೆಚ್ಚು ನಿರ್ದಿಷ್ಟವಾದ ಸಾಲಿಗೇ ಮನ್ನಣೆ ಸಿಗುವುದರಿಂದ ಆ /32 ಉಳಿದ /26ರ ಸಾಲನ್ನು ಕೆಡಿಸದೆ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಇಂಥ ಬಿಡಿ ಸಾಲುಗಳು ಒಂದು ಬ್ಲಾಕಿನಲ್ಲಿ ಬಹಳವಾದಾಗ ಮಾತ್ರ ಕುಳಿತು ಹೊಸದಾಗಿ ಹಂಚುವುದು ಯೋಗ್ಯ.

ಎರಡನೆಯದು ಪ್ರವಾಹದ ಕಾಲದ ಸಂಚಾರಿ ಕೇಂದ್ರಗಳು. ಭೀಮೆ ಉಕ್ಕಿದಾಗ ಕಲಬುರಗಿಯಿಂದ ಜೇವರ್ಗಿಗೋ ಅಫಜಲಪುರಕ್ಕೋ ಬ್ಯಾಟರಿ, ಸೆಟ್ಟು, ಪೈ ಹೊತ್ತು ಹೋಗುವವರಿಗೆ ಅಲ್ಲಿ ಕುಳಿತು ವಿಳಾಸ ಬದಲಿಸುವ ವ್ಯವಧಾನ ಇರುವುದಿಲ್ಲ. ಡಿಎಚ್‌ಸಿಪಿ ಇಟ್ಟು ತಾನಾಗಿ ವಿಳಾಸ ಹಂಚಬಹುದೆಂದು ಕೆಲವರು ಹೇಳಬಹುದು, ಆದರೆ ಒಂದು ವಿಳಾಸಕ್ಕಾಗಿ ನಾಲ್ಕು ಸಲ ಕೂಗಾಡುವ ಆ ಪದ್ಧತಿಯ ಒಂದೊಂದು ಸಂದೇಶವೂ ಮುನ್ನೂರು ಬೈಟ್‌ಗಳ ಆಸುಪಾಸಿನದು. ದಟ್ಟಣೆಯ ಚಾನೆಲ್ಲಿನಲ್ಲಿ ಅದು ಸಲ್ಲದು. ಆದ್ದರಿಂದ ಸಂಚಾರಿ ಪೆಟ್ಟಿಗೆಗಳಿಗೆಂದೇ 16 ವಿಳಾಸಗಳ ಒಂದು /28 ತೆಗೆದಿಡಿ. ಪೆಟ್ಟಿಗೆಯ ಮೇಲೆ ಅದರ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಪೆಟ್ಟಿಗೆ ಎಲ್ಲಿಗೆ ಹೋದರೂ ಅದೇ ವಿಳಾಸ. ಅದು ಯಾವ ನೋಡ್‌ನ ನೆರಳಿಗೆ ಬಂತೋ ಆ ನೋಡ್ ನಡೆಸುವವರು ಒಂದು /32 ದಾರಿಯನ್ನು ಸೇರಿಸಿ ಉಳಿದ ನೋಡ್‌ಗಳವರಿಗೆ ತಿಳಿಸಬೇಕು. ನೀರಿನ ದಂಡೆಯಲ್ಲಿ ನಿಂತವರ ಕೆಲಸ ಕಡಿಮೆಯಾಗಿ, ಒಳಗೆ ಕುಳಿತವರ ಕೆಲಸ ಸ್ವಲ್ಪ ಹೆಚ್ಚಾಗುತ್ತದೆ. ಅದು ಹಾಗೆಯೇ ಇರಬೇಕು.

ಬಹಮನಿ_ರೇಡಿಯೊ (ಕಲಬುರಗಿ)

ತೊಗರಿ ನಾಡು ಅವರಿಗೂ ಬೀದರಿನ ಅಕ್ಕನವರಿಗೂ ಮನಃಪೂರ್ವಕ ವಂದನೆಗಳು. ಎಆರ್‌ಪಿಯ ವಿವರಣೆ ಓದಿದ ಮೇಲೆ ಜಿಲ್ಲಾವಾರು ಸಲಹೆಯನ್ನು ಕೊಟ್ಟವರೇ ಅದನ್ನು ಹಿಂತೆಗೆದುಕೊಂಡಿದ್ದಾರೆ. ಬೀಕನ್ ಬಿಡುವ ವೇಳಾಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇವೆ.

ಇನ್ನೊಂದು ಸಂದೇಹ ಉಳಿದಿದೆ. ನಮ್ಮಲ್ಲೊಬ್ಬರ ಮನೆಗೆ ಫೈಬರ್ ಸಂಪರ್ಕವಿದೆ. ಅಲ್ಲಿ ಗೇಟ್‌ವೇ ಇಟ್ಟು ನಮ್ಮ 44ರ ವಿಳಾಸಗಳನ್ನು ಹೊರಗಿನ ಹವ್ಯಾಸಿ ಜಾಲಗಳಿಗೆ ಜೋಡಿಸಲು ಸಾಧ್ಯವೇ? ಬ್ಲಾಕ್ ಕೈಗೆ ಬಂದೊಡನೆ ಅದು ಇಂಟರ್ನೆಟ್ಟಿನಲ್ಲಿ ತಾನಾಗಿ ಕೆಲಸ ಮಾಡುತ್ತದೆಂದು ಹಲವರು ಎಣಿಸಿದ್ದಾರೆ.

ಭೀಮಾ_ತೀರ (ಯಾದಗಿರಿ) ಅವರ ಉತ್ತರ

ಸರ್, ಹಾಗೆ ತಾನಾಗಿ ಆಗುವುದಿಲ್ಲ. ವಿಳಾಸ ನಮ್ಮ ಹೆಸರಿಗೆ ಬರೆದಿರುವುದು ಒಂದು ಸಂಗತಿ, ಆ ವಿಳಾಸಕ್ಕೆ ಹೊರಟ ಪ್ಯಾಕೆಟ್ ನಮ್ಮ ಮನೆ ಬಾಗಿಲಿಗೆ ಬರುವುದು ಇನ್ನೊಂದು ಸಂಗತಿ.

ಎರಡು ದಾರಿಗಳು ಹಳೆಯವು. ಮೊದಲನೆಯದು, ಯಾವುದಾದರೂ ಇಂಟರ್ನೆಟ್ ಸಂಸ್ಥೆ ಅಥವಾ ದತ್ತಾಂಶ ಕೇಂದ್ರ ನಮ್ಮ /24ನ್ನು ಬಿಜಿಪಿ (ಇಂಟರ್ನೆಟ್ ಸಂಸ್ಥೆಗಳು ದಾರಿಗಳನ್ನು ಪರಸ್ಪರ ತಿಳಿಸುವ ಪದ್ಧತಿ) ಮೂಲಕ ಜಗತ್ತಿಗೆ ಪ್ರಕಟಿಸುವುದು. /24ಕ್ಕಿಂತ ಚಿಕ್ಕ ಬ್ಲಾಕನ್ನು ಇಂಟರ್ನೆಟ್ಟಿನ ಬಹುತೇಕ ರೂಟರುಗಳು ಸ್ವೀಕರಿಸುವುದಿಲ್ಲ, ಹೀಗಾಗಿ ಮುಂದೆ ಈ ದಾರಿ ಹಿಡಿಯುವ ಯೋಚನೆಯಿದ್ದರೆ ಅರ್ಜಿಯಲ್ಲೇ ಅದನ್ನು ತಿಳಿಸಿ ಪೂರ್ತಿ /24 ಕೇಳಬೇಕು. ಎರಡನೆಯದು, ಹವ್ಯಾಸಿ ಗೇಟ್‌ವೇಗಳ ನಡುವಿನ ಐಪಿಐಪಿ ಸುರಂಗಗಳ ಬಲೆ. ಇದರಲ್ಲಿ 44ರ ಪ್ಯಾಕೆಟ್ಟನ್ನು ಇನ್ನೊಂದು ಸಾಮಾನ್ಯ ಐಪಿ ಪ್ಯಾಕೆಟ್ಟಿನೊಳಗಿಟ್ಟು ಒಂದು ಗೇಟ್‌ವೇಯಿಂದ ಇನ್ನೊಂದಕ್ಕೆ ಕಳುಹಿಸಲಾಗುತ್ತದೆ. ಯಾವ ಸಬ್‌ನೆಟ್ ಯಾವ ಗೇಟ್‌ವೇಯ ಹಿಂದಿದೆ ಎಂಬ ಪಟ್ಟಿ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಎಲ್ಲ ಗೇಟ್‌ವೇಗಳಿಗೂ ಹೋಗುತ್ತದೆ.

ಫೈಬರ್ ಸಂಪರ್ಕದಲ್ಲಿ ಐಪಿಐಪಿ ನಡೆಸುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯ ರೂಟರಿನ ಒಳಪುಟದಲ್ಲಿ ಹೊರಗಡೆಯ ವಿಳಾಸ ಯಾವುದಿದೆ ಎಂದು ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ, ಸೇವೆ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಐಪಿಐಪಿಯಲ್ಲಿ ಪೋರ್ಟ್ ಸಂಖ್ಯೆ ಎಂಬುದಿಲ್ಲ. ಅದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ತನ್ನದೇ ಆದ 4ನೇ ಪ್ರೊಟೊಕಾಲ್. ಆದ್ದರಿಂದ ಹಂಚಿಕೆಯ ವಿಳಾಸದ ಹಿಂದೆ ಕುಳಿತವರಲ್ಲಿ ಯಾರಿಗೆ ಆ ಪ್ಯಾಕೆಟ್ ಕೊಡಬೇಕೆಂದು ಸಂಸ್ಥೆಯ ಯಂತ್ರಕ್ಕೆ ತಿಳಿಯದೆ ಅದು ಅಲ್ಲೇ ಬಿದ್ದುಹೋಗುತ್ತದೆ. ಹಾಗಿದ್ದಲ್ಲಿ ಸ್ಥಿರ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೇ ಅಂಥ ವಿಳಾಸವಿರುವ ಬೇರೆ ಊರಿನ ಸರ್ವರಿನವರೆಗೆ ವೈರ್‌ಗಾರ್ಡ್‌ನಂಥ ಯುಡಿಪಿ ಸುರಂಗ ಎಳೆದು, ಐಪಿಐಪಿಯ ಕೆಲಸವನ್ನು ಅಲ್ಲಿ ಮಾಡಿಸಬೇಕು. 44ರ ವಿಳಾಸವನ್ನು ಮೂಲವಾಗಿ ಹಚ್ಚಿದ ಪ್ಯಾಕೆಟ್ಟನ್ನು ಸುರಂಗವಿಲ್ಲದೆ ನೇರವಾಗಿ ಫೈಬರಿಗೆ ಬಿಡಬೇಡಿ; ತಾನು ಕೊಡದ ವಿಳಾಸದಿಂದ ಬಂದ ಪ್ಯಾಕೆಟ್ಟನ್ನು ಸಂಸ್ಥೆ ತಡೆಯುತ್ತದೆ, ತಡೆಯಬೇಕಾದದ್ದೂ ಸರಿ.

ಮಾರಾಟದ ಸಂಗತಿ ಇಲ್ಲಿ ಮತ್ತೆ ಬರುತ್ತದೆ. ಹಳೆಯ ಪಾಠಗಳಲ್ಲಿ "44.0.0.0/8ನ್ನು ಸುರಂಗಕ್ಕೆ ತಿರುಗಿಸಿ" ಎಂದು ಒಂದೇ ಸಾಲು ಇರುತ್ತದೆ. ಇಂದು ಅದನ್ನು ಹಾಗೆಯೇ ಬರೆದರೆ 44.192ರಿಂದ 44.255ರವರೆಗಿನ ವಿಳಾಸಗಳಲ್ಲಿರುವ, ಅಮೆಜಾನ್ ಸರ್ವರುಗಳ ಮೇಲೆ ನಿಂತ ಜಾಲತಾಣಗಳೆಲ್ಲ ಆ ಮನೆಯವರಿಗೆ ತೆರೆಯದಂತಾಗುತ್ತವೆ. ಮನೆಯವರು ಇಂಟರ್ನೆಟ್ ಕೆಟ್ಟಿದೆ ಎನ್ನುತ್ತಾರೆ, ಸಂಸ್ಥೆಯವರು ಎಲ್ಲ ಸರಿಯಿದೆ ಎನ್ನುತ್ತಾರೆ, ಕಾರಣ ಮಾತ್ರ ಗೇಟ್‌ವೇಯಲ್ಲಿ ಕುಳಿತಿರುತ್ತದೆ. 44.0.0.0/9 ಮತ್ತು 44.128.0.0/10 ಎಂದು ಎರಡು ಸಾಲು ಬರೆಯಿರಿ.

ಹೆಸರುಗಳ ಬಗ್ಗೆಯೂ ಒಂದು ಮಾತು. ಪ್ರತಿ ವಿಳಾಸಕ್ಕೂ ಕರೆಸಂಕೇತದ ಹೆಸರಿನಲ್ಲಿ ampr.org ಅಡಿಯಲ್ಲಿ ಡಿಎನ್ಎಸ್ ನಮೂದು (ಹೆಸರನ್ನೂ ವಿಳಾಸವನ್ನೂ ಜೋಡಿಸುವ ದಾಖಲೆ) ಮಾಡಿಸಿ. ಸ್ಯಾನ್ ಡಿಯಾಗೋದ ಗೇಟ್‌ವೇ ಬಹುಕಾಲದಿಂದ ಅಂಥ ನಮೂದು ಇರುವ ವಿಳಾಸಗಳಿಗೆ ಮಾತ್ರ ಹೊರಗಿನ ಪ್ಯಾಕೆಟ್ಟುಗಳನ್ನು ಬಿಡುವ ಕ್ರಮ ಇಟ್ಟುಕೊಂಡು ಬಂದಿದೆ. ಅದೊಂದು ಒಳ್ಳೆಯ ಜರಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಇಂಟರ್ನೆಟ್ ಕಡೆಯಿಂದ ಬಂದದ್ದನ್ನೆಲ್ಲ ರೇಡಿಯೊಗೆ ಬಿಡಬಾರದು. ಸಾರ್ವಜನಿಕ ವಿಳಾಸ ಎಂದೊಡನೆ ಜಗತ್ತಿನ ಮೂಲೆಮೂಲೆಯಿಂದ ಯಾವ ಪೋರ್ಟ್ ತೆರೆದಿದೆ ಎಂದು ತಡಕಾಡುವ ಪ್ಯಾಕೆಟ್ಟುಗಳು ಹಗಲಿರುಳು ಬರುತ್ತವೆ. ಅವು ರೇಡಿಯೊಗೆ ಇಳಿದರೆ ಚಾನೆಲ್ ಕಟ್ಟಿಹೋಗುವುದಷ್ಟೇ ಅಲ್ಲ, ಪರವಾನಗಿ ಇಲ್ಲದವರ ಮಾತನ್ನು ನಮ್ಮ ಕರೆಸಂಕೇತದಲ್ಲಿ ಪ್ರಸಾರ ಮಾಡಿದ ಹೊಣೆ ನಮ್ಮ ಮೇಲೆ ಬರುತ್ತದೆ. ನಮ್ಮ ಪರವಾನಗಿಯ ಶರತ್ತಿನಂತೆ ಸಂದೇಶ ಸರಳ ಭಾಷೆಯಲ್ಲಿರಬೇಕು, ವ್ಯಾಪಾರದ ಸಂದೇಶ ಸಲ್ಲದು. ಎಚ್‌ಟಿಟಿಪಿಎಸ್ ಅಥವಾ ಎಸ್‌ಎಸ್‌ಎಚ್‌ನಂತೆ ಗೂಢಲಿಪಿಯಲ್ಲಿ ಮುಚ್ಚಿದ್ದನ್ನು ಗಾಳಿಗೆ ಬಿಡುವಂತಿಲ್ಲ. ಗೇಟ್‌ವೇಯಲ್ಲಿ ಮೊದಲು ಎಲ್ಲವನ್ನೂ ತಡೆದು, ಬಳಿಕ ಗೊತ್ತಿರುವ ಹವ್ಯಾಸಿ ಸಬ್‌ನೆಟ್ಟುಗಳಿಗೆ, ಗೊತ್ತಿರುವ ಸೇವೆಗಳಿಗೆ ಮಾತ್ರ ಒಂದೊಂದೇ ಕಿಂಡಿ ತೆರೆಯಿರಿ. ಮತ್ತು ರೇಡಿಯೊ ಜಾಲವನ್ನು ಇಂಟರ್ನೆಟ್ಟಿಗೆ ಜೋಡಿಸುವ ಮುನ್ನ ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಪರವಾನಗಿ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗಕ್ಕೆ ಪತ್ರ ಬರೆದು ಲಿಖಿತ ಉತ್ತರ ಪಡೆದಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಅಲ್ಲಿಯವರೆಗೆ ಒಳಜಾಲವನ್ನು ಗಟ್ಟಿ ಮಾಡಿಕೊಳ್ಳೋಣ. ಪ್ರವಾಹದಲ್ಲಿ ಬೇಕಾಗುವುದು ಅದೇ.

ತೊಗರಿ_ನಾಡು (ಕಲಬುರಗಿ) ಅವರ ಉತ್ತರ

ಎಲ್ಲರ ಮಾತುಗಳನ್ನೂ ಸೇರಿಸಿ ಒಂದು ಕರಡು ಹಾಕಿದ್ದೇನೆ. ನಮ್ಮ ಬ್ಲಾಕ್ ಮಂಜೂರಾಗುವವರೆಗೆ ಪ್ರಯೋಗಕ್ಕೆಂದೇ ತೆಗೆದಿಟ್ಟಿರುವ 44.128.0.0/16ರೊಳಗಿನ ಸಂಖ್ಯೆಗಳನ್ನು ಬಳಸಿ ಮೇಜಿನ ಮೇಲೆ ಪರೀಕ್ಷೆ ನಡೆಸಬಹುದು, ಆದರೆ ಅವನ್ನು ಖಾಯಂ ಇಟ್ಟುಕೊಳ್ಳುವಂತಿಲ್ಲ, ಹೊರಗಿನ ಜಾಲಕ್ಕೆ ಬಿಡುವಂತಿಲ್ಲ. ಮಂಜೂರಾದ ದಿನ ಮೊದಲ ಮೂರು ಅಂಕಿಗಳನ್ನು ಬದಲಿಸಿದರೆ ಕೊನೆಯ ಅಂಕಿ ಹಾಗೆಯೇ ಉಳಿಯುವಂತೆ ಇದನ್ನು ರಚಿಸಿದ್ದೇನೆ.

44.128.20.0/24 ಎಂದು ಹಿಡಿಯೋಣ. ಕೊನೆಯ ಅಂಕಿ 0ರಿಂದ 63ರವರೆಗೆ ಕಲಬುರಗಿ ನೋಡ್ ಕೇಳಿಸುವವರಿಗೆ. 64ರಿಂದ 127ರವರೆಗೆ ಬೀದರ್ ಕಡೆಗೆ, ಬೀಕನ್ ಪಟ್ಟಿ ಹೌದೆಂದರೆ ಚಿಂಚೋಳಿಯೂ ಇದರಲ್ಲೇ ಸೇರುತ್ತದೆ. ಹುಮನಾಬಾದ್ ಮತ್ತು ಕಮಲಾಪುರಗಳ ಬಳಕೆದಾರರು ತಮ್ಮ ಬೀಕನ್ ಪಟ್ಟಿಯಂತೆ ಈ ಎರಡರಲ್ಲಿ ಒಂದನ್ನು ಸೇರಬೇಕು. 128ರಿಂದ 159ರವರೆಗಿನ 32 ವಿಳಾಸಗಳು ಯಾದಗಿರಿ ಮತ್ತು ಶಹಾಪುರದ ಕಡೆಗೆ, 160ರಿಂದ 175 ವಾಡಿ ಮತ್ತು ಚಿತ್ತಾಪುರಕ್ಕೆ, 176ರಿಂದ 191 ಸಂಚಾರಿ ಪೆಟ್ಟಿಗೆಗಳಿಗೆ. 192ರಿಂದ 223ರವರೆಗೆ ನೋಡ್‌ಗಳ ನಡುವಿನ ಕೊಂಡಿಗಳಿಗೆ. ಕೊಂಡಿಗೊಂದು /30 ಕೊಟ್ಟರೆ ಎಂಟು ಕೊಂಡಿಗಳಾಗುತ್ತವೆ. 224ರಿಂದ ಮುಂದಿನದನ್ನು ಯಾರು ಕೇಳಿದರೂ ಕೊಡದೆ ಕಾಯ್ದಿಡಬೇಕು. ಬೆಳೆಯುವ ಕಡೆ ಯಾವುದೆಂದು ಈಗಲೇ ಊಹಿಸಲು ಹೋಗುವುದು ಬೇಡ.

ಲೆಕ್ಕ ಇಡುವ ಬಗ್ಗೆ ಕೇಳಿದ್ದಿರಿ. ಒಬ್ಬರೇ ಇಡಲಿ, ಮೂವರೂ ಓದಲಿ. ಮೂರು ಜನ ಮೂರು ಕಡೆ ಬರೆದರೆ ಮೂರು ಪಟ್ಟಿಗಳಾಗುತ್ತವೆ, ಯಾವುದು ನಿಜವೆಂದು ಕೇಳುವ ದಿನ ಬಂದೇ ಬರುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ವಿಳಾಸ, ಕರೆಸಂಕೇತ ಮತ್ತು ಅದರ ಎಸ್‌ಎಸ್‌ಐಡಿ (ಕರೆಸಂಕೇತದ ಕೊನೆಗೆ ಸೇರಿಸುವ ಸಂಖ್ಯೆ), ಊರು, ಯಾವ ನೋಡ್‌ನ ಮೂಲಕ, ಕೊಟ್ಟ ದಿನಾಂಕ, ಪರವಾನಗಿ ಮುಗಿಯುವ ದಿನಾಂಕ ಇರಬೇಕು. ಎಸ್‌ಎಸ್‌ಐಡಿ 0ರಿಂದ 15ರವರೆಗೆ ಇರಬಹುದಾದ್ದರಿಂದ ಒಂದೇ ಕರೆಸಂಕೇತದ ಮನೆಯ ಕೇಂದ್ರ, ನೋಡ್, ಸಂಚಾರಿ ಪೆಟ್ಟಿಗೆ ಮೂರನ್ನೂ ಬೇರೆಬೇರೆಯಾಗಿ ಗುರುತಿಸುವುದಕ್ಕೆ ಅದು ಅಗತ್ಯ. ಮನೆಯ ಬೀದಿ, ಫೋನ್ ಸಂಖ್ಯೆಗಳನ್ನು ಎಲ್ಲರೂ ಓದುವ ಪಟ್ಟಿಯಲ್ಲಿ ಹಾಕಬಾರದು. ಪಟ್ಟಿಯ ಒಂದು ಪ್ರತಿ ಪ್ರತಿ ನೋಡ್‌ನ ಪೈಯಲ್ಲೂ ಇರಲಿ, ಕಲಬುರಗಿಯ ನೋಡ್ ಕೆಟ್ಟ ದಿನವೂ ಬೀದರಿನವರಿಗೆ ಅದು ಸಿಗುವಂತಿರಲಿ.

ಯಾರಾದರೂ ಊರು ಬಿಟ್ಟರೆ ಅಥವಾ ಕೇಂದ್ರ ಮುಚ್ಚಿದರೆ ಆ ವಿಳಾಸವನ್ನು ಕೂಡಲೇ ಇನ್ನೊಬ್ಬರಿಗೆ ಕೊಡಬೇಡಿ. ಹಳೆಯ ಎಆರ್‌ಪಿ ನಮೂದು, ಕೈಯಿಂದ ಬರೆದಿಟ್ಟ /32 ಸಾಲು, ಹಳೆಯ ಡಿಎನ್ಎಸ್ ಹೆಸರು ಯಾವುದಾದರೊಂದು ನೋಡ್‌ನಲ್ಲಿ ಉಳಿದಿರುತ್ತವೆ. ಮೊದಲು ಡಿಎನ್ಎಸ್ ನಮೂದು ತೆಗೆಸಿ, ಎಲ್ಲ ನೋಡ್‌ಗಳವರಿಂದ ಸಾಲು ಅಳಿಸಿದ್ದೇವೆಂಬ ಉತ್ತರ ಬಂದ ಮೇಲೆ, ಒಂದು ಮಳೆಗಾಲ ಕಳೆಯಲು ಬಿಟ್ಟು ಅನಂತರ ಮರಳಿ ಹಂಚಿ.

ವಾಡಿಯ ನೋಡ್‌ಗೆ ಎಷ್ಟು ವಿಳಾಸ ಬೇಕಾಗುತ್ತದೆಂದು ನಿನ್ನೆ ಒಬ್ಬರು ರೇಡಿಯೊದಲ್ಲಿ ಕೇಳಿದ್ದರು. ಬಳಕೆದಾರರ ಕಡೆಗೆ ಒಂದು, ಕಲಬುರಗಿಯ ಕೊಂಡಿಗೆ ಒಂದು, ಯಾದಗಿರಿಯ ಕೊಂಡಿಗೆ ಒಂದು, ಹೀಗೆ ಮೂರು. ಬಳಕೆದಾರರ ಕಡೆಯದು 161, ಕಲಬುರಗಿ ಕೊಂಡಿಯದು 194, ಯಾದಗಿರಿ ಕೊಂಡಿಯದು 197 ಎಂದು ಕರಡಿನಲ್ಲಿ ಬರೆದಿದ್ದೇನೆ. ಬೀಕನ್ ಪಟ್ಟಿಗಳು ಬಂದ ಮೇಲೆ ಅರ್ಜಿಗೆ ಇದೇ ಕರಡನ್ನು ಲಗತ್ತಿಸಬಹುದು.

73.